ಬಾನೆಟ್ ಕೆಳಗಿನ ದೃಷ್ಟಿಬೊಟ್ಟು

ಮೊನ್ನೆ ಬ್ಯಾಂಕಿನ ಕೆಲಸಕ್ಕೆಂದು ವಿಜಯವಾಡಕ್ಕೆ ಹೋದವನು, ಸಂಜೆಯ ರೈಲಿಗೆ ಇನ್ನೂ ಹೊತ್ತಿದ್ದುದರಿಂದ ಆಟೋ ಹಿಡಿದು ಭವಾನಿಪುರಂಗೆ ಹೋದೆ. ಅಲ್ಲಿ ಈಗ ನಮ್ಮವರು ಯಾರೂ ಇಲ್ಲ. ಒಂದು ಬೇಸಿಗೆ ಕಳೆದ ಮನೆಯನ್ನು ಹೊರಗಿನಿಂದಲೇ ನೋಡಿ ಬರುವುದೆಂದುಕೊಂಡಿದ್ದೆ. ಓಣಿಯ ತಿರುವಿನಲ್ಲಿ ಒಬ್ಬಾತ ಗೇಟಿನ ಸರಳುಗಳಿಗೆ ಸ್ಪ್ರೇ ಡಬ್ಬಿಯಿಂದ ಬಣ್ಣ ಹೊಡೆಯುತ್ತಿದ್ದ. ಹೊಳಪಿಲ್ಲದ, ಶಾಲೆಯ ಹಲಗೆಯಂಥ ಕಪ್ಪು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ನಿಂತುಬಿಟ್ಟೆ. ಆತ ತಿರುಗಿ "ಏಂ ಕಾವಾಲಿ ಸಾರ್?" ಎಂದ. ಏನು ಬೇಕೆಂದು ನನಗಾದರೂ ಎಲ್ಲಿ ಗೊತ್ತಿತ್ತು? ಏನಿಲ್ಲವೆಂದು ತಲೆಯಾಡಿಸಿ ಮುಂದೆ ನಡೆದೆ.

ಹೊಸ ಬಣ್ಣದ ವಾಸನೆಗೆ ಬೇರೆಯವರಿಗೆ ಮದುವೆಮನೆ, ಗೃಹಪ್ರವೇಶ ನೆನಪಾಗಬಹುದು. ನನಗೆ ನೆನಪಾಗುವುದು ನನ್ನ ಅಕ್ಕ ಸುಮಾ, ಅವಳ ಗಂಡ ಚಲಪತಿ, ಮತ್ತು ಅವರ ಕಾರಿನ ಇಂಟರ್‌ಕೂಲರ್.

ಇಂಟರ್‌ಕೂಲರ್ ಎಂದರೇನೆಂದು ನನಗೂ ಗೊತ್ತಿರಲಿಲ್ಲ. ಹೇಳಿಕೊಟ್ಟವರು ಭಾವನೇ. ಡೀಸೆಲ್ ಕಾರಿನಲ್ಲಿ ಟರ್ಬೊ ಎಂಬ ಪುಟ್ಟ ಪಂಖ ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ, ಕಾದ ಗಾಳಿ ಕುಡಿದ ಇಂಜಿನ್ ಸೊರಗುತ್ತದೆ. ಆ ಗಾಳಿಯನ್ನು ತಣಿಸಲು ಕಾರಿನ ಮೂತಿಯಲ್ಲಿ, ರೇಡಿಯೇಟರಿನ ಮುಂದೆ, ತೆಳ್ಳಗಿನ ಅಲ್ಯೂಮಿನಿಯಂ ರೆಕ್ಕೆಗಳ ಒಂದು ಚೌಕಟ್ಟು ಇರುತ್ತದೆ. ಕಾರು ಓಡುವಾಗ ಎದುರುಗಾಳಿ ಆ ರೆಕ್ಕೆಗಳ ಸಂದಿಯಲ್ಲಿ ನುಗ್ಗಿ ಬಿಸಿಯನ್ನು ಹೊತ್ತೊಯ್ಯುತ್ತದೆ. ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ ಇಂಜಿನಿಯರಾಗಿದ್ದ ಭಾವನಿಗೆ ಕೇಳುವ ಕಿವಿಯೊಂದು ಸಿಕ್ಕರೆ ಸಾಕಿತ್ತು, ಇದನ್ನೆಲ್ಲ ಊಟದ ತಟ್ಟೆಯಲ್ಲಿ ಅನ್ನ ಸಾರಿನಿಂದಲೇ ಚಿತ್ರ ಬರೆದು ತೋರಿಸುತ್ತಿದ್ದರು.

ಅವರ ತಂದೆ ತೆಲುಗಿನವರು, ತಾಯಿ ಬಳ್ಳಾರಿ ಕಡೆಯವರು. ಓದಿದ್ದು ನಮ್ಮ ಧಾರವಾಡದಲ್ಲಿ, ಅಕ್ಕನ ಪರಿಚಯವಾದದ್ದೂ ಅಲ್ಲೇ. ನಮ್ಮೂರ ರೂಢಿಯಂತೆ ನಾನು ಮೊದಲು ಅವರನ್ನು ಮಾಮಾ ಎನ್ನುತ್ತಿದ್ದೆ. ತೆಲುಗಿನಲ್ಲಿ ಮಾಮಾ ಎಂದರೆ ಸೋದರಮಾವ ಎಂದು ಅವರ ಕಡೆಯವರು ನಗತೊಡಗಿದ ಮೇಲೆ ಭಾವ ಎಂದು ಬದಲಾಯಿಸಿಕೊಂಡೆ. ನನಗೆ ವಿಶಾಖಪಟ್ಟಣಕ್ಕೆ ವರ್ಗವಾದಾಗ ಪೆಂದುರ್ತಿಯಲ್ಲಿ ಅವರ ಮನೆಯ ಪಕ್ಕದಲ್ಲೇ ಒಂದು ಕೋಣೆ ಹಿಡಿದೆ. ಊಟ ಮಾತ್ರ ಅಕ್ಕನ ಮನೆಯಲ್ಲಿ. ಅಕ್ಕ ಅಲ್ಲಿನ ಕಾಲೇಜಿನಲ್ಲಿ ಫಿಸಿಕ್ಸ್ ಹೇಳುತ್ತಿದ್ದಳು.

ಆ ವರ್ಷ ದಸರೆಗೆ ಮೊದಲು ಭಾವ ತಮ್ಮ ಹಳೆಯ ಕಾರಿಗೆ ದೊಡ್ಡದೊಂದು ಇಂಟರ್‌ಕೂಲರ್ ಹಾಕಿಸಿದರು. ಮುಂದಿನ ಜಾಲರಿಯ ಹಿಂದೆ ಅದು ಬೆಳ್ಳಿಯ ಹರಿವಾಣದ ಹಾಗೆ ಹೊಳೆಯುತ್ತಿತ್ತು. ಓಣಿಯಲ್ಲಿ ಹೋಗುವವರೆಲ್ಲ ಬಗ್ಗಿ ನೋಡುವವರೇ. ಅಕ್ಕನಿಗೆ ಅದು ಹಿಡಿಸಲಿಲ್ಲ.

"ಮಂದಿ ಕಣ್ಣು ಬೀಳತೈತ್ರಿ. ಅದಕ್ಕ ಕಪ್ಪು ಹಚ್ಚಿಬಿಡೂಣು."

"ಫಿಸಿಕ್ಸ್ ಮೇಡಂ ಹೇಳೋ ಮಾತಾ ಇದು?"

"ಫಿಸಿಕ್ಸ್ ಕಾಲೇಜಿನಾಗ. ಮನ್ಯಾಗ ನಾ ನಮ್ಮವ್ವನ ಮಗಳು. ಕೂಸಿನ ಗಲ್ಲಕ್ಕ ಹಚ್ಚೂದಿಲ್ಲೇನು, ಹಂಗ."

ಭಾವ ನಕ್ಕರೂ ಒಪ್ಪಿದರು. ವಿಶಾಖಪಟ್ಟಣದ ಉಪ್ಪುಗಾಳಿಗೆ ಅಲ್ಯೂಮಿನಿಯಂ ಬೂಷ್ಟು ಹಿಡಿದಂತೆ ಬಿಳಚುತ್ತದೆ, ಬಣ್ಣವಿದ್ದರೆ ಒಳ್ಳೆಯದೇ ಎಂದು ತಮ್ಮ ಮಾತೂ ಸೇರಿಸಿದರು. ಆಯುಧಪೂಜೆಯ ಬೆಳಿಗ್ಗೆ ಅದನ್ನು ಬಿಚ್ಚಿ ತಾರಸಿಗೆ ತಂದು, ಹಳೆಯ ಪೇಪರಿನ ಮೇಲೆ ಮಲಗಿಸಿ, ಡಬ್ಬಿಯನ್ನು ಅಕ್ಕನ ಕೈಗೇ ಕೊಟ್ಟರು.

"ತೆಳ್ಳಗೆ ಸುಮಾ, ತೆಳ್ಳಗೆ! ಸಂದಿ ಮುಚ್ಚಿದ್ರೆ ಗಾಳಿ ಹೋಗಲ್ಲ ಕದಾ."

ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು ತೆಳ್ಳಗೇ ಹೊಡೆದಳು. ಭಾವ ಪೂಜೆಗೆ ಕುಂಬಳಕಾಯಿ ತರಲು ಕೆಳಗಿಳಿದಾಗ, ಪೈಪು ಸೇರುವ ಮೇಲಿನ ಮೂಲೆಯಲ್ಲಿ ಬೆಳ್ಳಿ ಇನ್ನೂ ಇಣುಕುತ್ತಿರುವುದು ಅವಳ ಕಣ್ಣಿಗೆ ಬಿತ್ತು. ಆ ಮೂಲೆಗೆ ದಪ್ಪಗೆ ಇನ್ನೊಂದು ಸುತ್ತು ಹೊಡೆದಳು. ನಾನು ನೋಡಿದ್ದನ್ನು ನೋಡಿ ನಾಲಿಗೆ ಕಚ್ಚಿಕೊಂಡು, "ಹೇಳಿದ್ಯಂದ್ರ ನೋಡು ಮತ್ತ" ಎಂದಳು. ಅವಳು ಅಷ್ಟು ಸಂತೋಷದಲ್ಲಿದ್ದದ್ದನ್ನು ನಾನು ಕೊನೆಯ ಸಲ ನೋಡಿದ್ದು ಆ ಹಬ್ಬಗಳ ದಿನಗಳಲ್ಲೇ ಇರಬೇಕು.

ಅಂದಿನಿಂದ ಭಾವನಿಗೆ ಹೊಸ ಚಾಳಿ ಹತ್ತಿಕೊಂಡಿತು. ಗ್ಯಾಸ್ ತಂದವನಿಗೆ, ಕಾರ್ಖಾನೆಯ ವಾಚ್‌ಮನ್ನಿಗೆ, ಪೆಟ್ರೋಲ್ ಬಂಕಿನವರಿಗೆ, ಒಮ್ಮೆ ನನ್ನ ಮ್ಯಾನೇಜರ್ ಸಾಹೇಬರಿಗೂ ಕಾರಿನ ಬಾನೆಟ್ ಎತ್ತಿ ತೋರಿಸುವುದು. "ಮಾ ಆವಿಡ ದಿಷ್ಟಿ ಚುಕ್ಕ ಪೆಟ್ಟಿಂದಿ," ನಮ್ಮಾಕೆ ದೃಷ್ಟಿಬೊಟ್ಟು ಇಟ್ಟಿದ್ದಾಳೆ ಎನ್ನುವುದು. ತೋರಿಸಿಯಾದ ಮೇಲೆ ಬಾನೆಟನ್ನು ಒತ್ತಿ ಮುಚ್ಚದೆ ಮೊಳದಷ್ಟು ಮೇಲಿಂದ ಕೈಬಿಡುತ್ತಿದ್ದರು. ಧಪ್ ಎನ್ನುತ್ತಿತ್ತು. ಅಕ್ಕ ಒಳಗಿನಿಂದಲೇ "ಆತೇನ್ರಿ ಪ್ರದರ್ಶನ?" ಎಂದು ಕೂಗುತ್ತಿದ್ದಳು.

ಮೇ ತಿಂಗಳಲ್ಲಿ ಭಾವ ಹೋದರು. ವಿಜಯವಾಡದ ಬಿಸಿಲಿನಲ್ಲಿ ಬೇಯುತ್ತಿದ್ದ ತಾಯಿಯನ್ನು ನಮ್ಮ ಕಡಲ ಊರಿಗೆ ಕರೆತರಲೆಂದು ಒಬ್ಬರೇ ಕಾರಿನಲ್ಲಿ ಹೊರಟಿದ್ದರು. ಅಕ್ಕನಿಗೆ ಉತ್ತರಪತ್ರಿಕೆ ತಿದ್ದುವ ಕೆಲಸವಿತ್ತು, ನನಗೆ ಬ್ಯಾಂಕು. ಏಲೂರು ದಾಟಿದ ಮೇಲೆ ಹೆದ್ದಾರಿಯ ಪಕ್ಕದಲ್ಲಿ ಕಾರಿನ ಮುಂದೆ ಬಿದ್ದಿದ್ದರಂತೆ. ಲಾರಿಯವರು ಆಸ್ಪತ್ರೆಗೆ ಸಾಗಿಸಿದರು. ಹೃದಯ ನಿಂತಿದೆ ಎಂದರು ಡಾಕ್ಟರು. ಕಾರಿನ ಬಾನೆಟ್ ತೆರೆದೇ ಇತ್ತು.

ಆ ತೆರೆದ ಬಾನೆಟ್ಟೇ ಎಲ್ಲಕ್ಕೂ ಕಾರಣವಾಯಿತು. ಕಾರು ಬಿಸಿಯಾಗಿ ನಿಂತಿರಬೇಕು, ಉರಿಬಿಸಿಲಿನಲ್ಲಿ ಇಳಿದು ಒದ್ದಾಡಿರಬೇಕು, ಎದೆ ತಡೆಯಲಿಲ್ಲ ಎಂದು ಬಂದವರೆಲ್ಲ ಒಂದೇ ಕಥೆ ಕಟ್ಟಿದರು. ಹೆಣದ ಮುಂದೆ ಗೋಡೆಗೊರಗಿ ಕೂತಿದ್ದ ಭಾವನ ತಾಯಿ, ನಾವೆಲ್ಲ ಅತ್ತಯ್ಯ ಎನ್ನುವವರು, ಯಾರನ್ನೂ ನೋಡದೆ ಒಂದು ಮಾತು ಹೇಳಿದರು. "ನಲುಪು ವೇಡಿನಿ ಲಾಗೇಸ್ತುಂದಿ ಕದಾ." ಕಪ್ಪು ಬಿಸಿಯನ್ನು ಎಳೆದುಕೊಳ್ಳುತ್ತದಲ್ಲ. ಬೇಸಿಗೆ ಬಂತೆಂದರೆ ತಾರಸಿಗೆ ಸುಣ್ಣ ಬಳಿಸುವ ಊರಿನ ಹೆಂಗಸು. ಅವರು ಸೊಸೆಯನ್ನು ದೂರಲು ಆಡಿದ ಮಾತಲ್ಲ ಅದು, ತಮಗೆ ತಾವೇ ಅಂದುಕೊಂಡದ್ದು. ಆದರೆ ಅಕ್ಕನ ಕಿವಿಗೆ ಬಿತ್ತು.

ನಾನು ಹೇಳಹೊರಟದ್ದು ಅದರ ಮುಂದಿನ ಬೇಸಿಗೆಯ ಕಥೆ. ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅತ್ತಯ್ಯನನ್ನು ಒಬ್ಬರೇ ಬಿಡಬಾರದೆಂದು ಅಕ್ಕ ಆಗಲೇ ಭವಾನಿಪುರಂನ ಅವರ ಮನೆಗೆ ಬಂದು ಅಲ್ಲಿನ ಕಾಲೇಜು ಸೇರಿದ್ದಳು. ನಾನೂ ಆ ಮನೆಗೇ ಬಂದೆ. ಭಾವನ ಗೆಳೆಯರು ತಂದು ನಿಲ್ಲಿಸಿದ್ದ ಕಾರು ಕಾಂಪೌಂಡಿನಲ್ಲಿ ನೀಲಿ ಟಾರ್ಪಾಲಿನ ಕೆಳಗಿತ್ತು. ಮೂವರೂ ಅದರ ಪಕ್ಕದಲ್ಲೇ ಓಡಾಡುತ್ತಿದ್ದೆವು, ಯಾರೂ ಅದರ ಮಾತೆತ್ತುತ್ತಿರಲಿಲ್ಲ.

ಅಂಥ ಬಿಸಿಲನ್ನು ನಾನು ಕಂಡಿರಲಿಲ್ಲ. ಕೃಷ್ಣಾ ನದಿ ಬತ್ತಿ ಮರಳ ದಿಬ್ಬಗಳು ಎದ್ದಿದ್ದವು. ಅದರ ಮೇಲಿಂದ ಬರುವ ಗಾಳಿಗೆ ಕಣ್ಣುರೆಪ್ಪೆ ಸುಡುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ಓಣಿಯಲ್ಲಿ ನಾಯಿಯೂ ಅಡ್ಡಾಡುತ್ತಿರಲಿಲ್ಲ. ಒಂದು ಭಾನುವಾರ ಅದೇ ಹೊತ್ತಿನಲ್ಲಿ, ಜಮಖಾನೆಯ ಮೇಲೆ ಮಲಗಿದ್ದ ಅಕ್ಕ ದಿಗ್ಗನೆದ್ದು ಕೂತಳು.

"ಕೇಳಿಸ್ತೇನು?"

"ಏನು?"

"ಬಾನೆಟ್ ಮುಚ್ಚಿದ್ದು."

ನನಗೇನೂ ಕೇಳಿಸಿರಲಿಲ್ಲ. ಹೊರಗೆ ಹೋಗಿ ನೋಡಿದೆ. ಟಾರ್ಪಾಲಿನ ಹಗ್ಗ ಕಟ್ಟಿದ ಹಾಗೇ ಇತ್ತು, ಮೇಲಿನ ಧೂಳು ಕದಲಿರಲಿಲ್ಲ, ಗಾಲಿಯ ನೆರಳಲ್ಲಿ ಬೆಕ್ಕೊಂದು ಮಲಗಿತ್ತು. ಬೆಕ್ಕು ಎಂದು ಕೂಗಿ ಹೇಳಿ, ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದ ಅತ್ತಯ್ಯ ತಲೆಯೆತ್ತದೆ, "ಅದು ಬೆಕ್ಕಲ್ಲ ಬಾಬು" ಎಂದರು. ಮೆಲ್ಲಗೆ, ಹಜಾರದಲ್ಲಿದ್ದ ಅಕ್ಕನಿಗೆ ಕೇಳಿಸದಂತೆ.

ಒಂದೇ ಸೂರಿನಡಿ ಇಬ್ಬರು ಹೆಂಗಸರು, ಇಬ್ಬರಿಗೂ ಅದೇ ಸದ್ದು, ಒಬ್ಬರಿಗೊಬ್ಬರು ಹೇಳಿಕೊಂಡಿಲ್ಲ. ಏನೂ ಕೇಳಿಸದ ನಾನೇ ಎಲ್ಲರಿಗಿಂತ ಹೆಚ್ಚು ಹೆದರಿದ್ದೆ.

ಪಕ್ಕದ ಮನೆಯವಳು ಒಂದು ದಿನ ಕೂಸನ್ನು ಎತ್ತಿಕೊಂಡು ಬಂದು, "ಮೇಡಂ, ನಿಮ್ಮ ಕೈಯಿಂದ ಒಂದು ಚುಕ್ಕಿ ಇಡಿ" ಎಂದು ಕಾಡಿಗೆಯ ಡಬ್ಬಿ ಚಾಚಿದಳು. ಅಕ್ಕ ಬೆರಳದ್ದಿದಳು. ಕೂಸಿನ ಗಲ್ಲದವರೆಗೂ ಹೋದ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಎದ್ದು ಒಳಗೆ ಹೋಗಿ ಸೋಪು ಹಚ್ಚಿ ಕೈ ತಿಕ್ಕಿದಳು, ತಿಕ್ಕುತ್ತಲೇ ಇದ್ದಳು. ನನಗೆ ತಡೆಯಲಾಗಲಿಲ್ಲ.

"ಅಕ್ಕಾ, ನೀನ ಫಿಸಿಕ್ಸ್ ಕಲಿಸಾಕಿ. ಜಾಲರಿ ಹಿಂದ ಬಿಸಿಲ ಬೀಳೂದಿಲ್ಲ, ಕಪ್ಪು ಏನು ಎಳಕೊಳ್ತೈತಿ?"

"ಗೊತ್ತೈತೋ. ಬಿಸಿ ಒಯ್ಯೂದು ಗಾಳಿ, ಬಣ್ಣ ಅಲ್ಲ. ಹಂಗಂತ ಹುಡುಗೂರು ಬರದ್ರ ಪೂರಾ ಮಾರ್ಕ್ಸ್ ಕೊಡ್ತೀನಿ ನಾನು."

"ಮತ್ತ್ಯಾಕ?"

"ಗಾಳಿ ಹೋಗಾಕ ಸಂದಿ ಇರಬೇಕಲ್ಲೋ. ಆ ಮೂಲಿಗೆ ದಪ್ಪ ಹೊಡದೀನಿ. ಸಂದಿ ಮುಚ್ಚಿದ್ರ ಹಿಂದಿನ ರೇಡಿಯೇಟರಿಗೂ ಗಾಳಿ ಇಲ್ಲ. ಅವರು ತೆಳ್ಳಗೆ ಅಂತ ಹೇಳಿ ಹೋಗಿದ್ರು. ನೀನೂ ಇದ್ದಿ."

ಅಷ್ಟು ದಿನ ಅವಳ ಎದೆಯಲ್ಲಿ ಕೂತಿದ್ದದ್ದು ಅತ್ತಯ್ಯನ ಮಾತಲ್ಲ, ಆ ಮೂಲೆ ಎಂದು ನನಗೆ ಆಗ ತಿಳಿಯಿತು. ಸಮಾಧಾನದ ಮಾತು ಇಲ್ಲಿ ನಡೆಯುವಂತಿರಲಿಲ್ಲ. ಬ್ಯಾಂಕಿನವನ ಬುದ್ಧಿ ನನ್ನದು, ಅಳೆದು ನೋಡಿಯೇ ಬಿಡೋಣ ಎಂದೆ. ಭಾವನ ಹತ್ತಿರ ಬೆರಳುಗಾತ್ರದ ಒಂದು ಸ್ಕ್ಯಾನರ್ ಇತ್ತು. ಸ್ಟೇರಿಂಗ್ ಕೆಳಗೆ ಸಿಕ್ಕಿಸಿದರೆ ಇಂಜಿನ್ನಿಗೆ ಹೋಗುವ ಗಾಳಿ ಎಷ್ಟು ಬಿಸಿ, ರೇಡಿಯೇಟರಿನ ನೀರು ಎಷ್ಟು ಬಿಸಿ ಎಂದು ಮೊಬೈಲಿನಲ್ಲಿ ತೋರಿಸುತ್ತಿತ್ತು. ಅಕ್ಕ ಎರಡು ದಿನ ಬೇಡವೆಂದಳು. ಮೂರನೆಯ ದಿನ ತಾನೇ ಟಾರ್ಪಾಲಿನ ಗಂಟು ಬಿಚ್ಚುತ್ತಿದ್ದಳು.

ಹೊಸ ಬ್ಯಾಟರಿ ಹಾಕಿಸಿದ ಮೇಲೆ ಕಾರು ಕೆಮ್ಮಿ ಕೆಮ್ಮಿ ಎದ್ದಿತು. ಮೊದಲು ಬಣ್ಣವಿದ್ದ ಹಾಗೆ ಓಡಿಸುವುದು, ಆಮೇಲೆ ಬಣ್ಣ ತೆಗೆದು ಅದೇ ದಾರಿಯಲ್ಲಿ, ಅದೇ ಹೊತ್ತಿಗೆ, ಅದೇ ವೇಗದಲ್ಲಿ ಓಡಿಸುವುದು. ಅಕ್ಕ ಒಮ್ಮೆಲೇ ಲೆಕ್ಚರರ್ ಆಗಿಬಿಟ್ಟಿದ್ದಳು. "ಎಸಿ ಹಚ್ಚಬ್ಯಾಡ. ಲಾರಿ ಹಿಂದ ಹೋಗಬ್ಯಾಡ, ಗಾಳಿ ಸಿಗೂದಿಲ್ಲ." ನಾನು ಓಡಿಸಿದೆ, ಅವಳು ಅಂಕಿ ನೋಡಿದಳು. ಕಿಟಕಿಯಿಂದ ಒಲೆಯ ಬಾಯಿ ತೆರೆದಂತೆ ಬಿಸಿ ನುಗ್ಗುತ್ತಿತ್ತು. ಏಲೂರಿನ ಕಡೆಗೆ ಅರ್ಧ ದಾರಿ ಹೋಗುವಷ್ಟರಲ್ಲಿ ಅವಳ ಮುಖ ಬಿಳಿಚಿತು. ಭಾವ ಬಿದ್ದ ಜಾಗ ಇನ್ನೂ ಮುಂದಿತ್ತು. "ಸಾಕು, ತಿರುಗಿಸು" ಎಂದಳು. ತಿರುಗಿಸಿದೆ.

ಓಣಿಯ ಮೆಕ್ಯಾನಿಕ್ ಬಂದು ಇಂಟರ್‌ಕೂಲರನ್ನು ಬಿಚ್ಚಿಕೊಟ್ಟ. ಕಾಂಪೌಂಡಿನ ಬೇವಿನ ನೆರಳಲ್ಲಿ ಪೇಪರ್ ಹಾಸಿ, ಥಿನ್ನರ್ ಸುರಿದು, ಮೆತ್ತನೆಯ ಬ್ರಷ್ಷಿನಿಂದ ಅಕ್ಕ ಬಣ್ಣ ತೆಗೆಯಲು ಕೂತಳು. ನಾನು ಮುಟ್ಟಲು ಹೋದರೆ ಕೈ ಸರಿಸಿದಳು. ಅತ್ತಯ್ಯ ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು. ಕಪ್ಪು ನೀರು ಪೇಪರಿನ ಮೇಲೆ ಹರಿದು ಮಣ್ಣಿಗೆ ಇಳಿಯಿತು. ಆ ಥಿನ್ನರ್ ಮತ್ತು ಬಣ್ಣ ಬೆರೆತ ವಾಸನೆ ವಾರಗಟ್ಟಲೆ ಮನೆ ಬಿಟ್ಟು ಹೋಗಲಿಲ್ಲ, ಮಜ್ಜಿಗೆ ಕುಡಿದರೂ ಅದೇ ವಾಸನೆ.

ಬೆಳ್ಳಗಾದ ಇಂಟರ್‌ಕೂಲರ್ ಕೂಡಿಸಿಕೊಂಡು ಮತ್ತೆ ಹೊರಟೆವು. ಅದೇ ಉರಿ, ಅದೇ ಹೆದ್ದಾರಿ. ಕಳೆದ ಸಲ ತಿರುಗಿಸಿದ ಜಾಗ ಬಂದಾಗ ಕಾರು ನಿಲ್ಲಿಸಿದೆ. ಅಕ್ಕ ಮೊಬೈಲನ್ನು ನನ್ನ ಮುಂದೆ ಹಿಡಿದಳು. ಗಾಳಿಯ ಬಿಸಿಯೂ ಅಷ್ಟೇ, ನೀರಿನ ಬಿಸಿಯೂ ಅಷ್ಟೇ. ಕೂದಲೆಳೆಯಷ್ಟು ವ್ಯತ್ಯಾಸ, ಅದೂ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಬಣ್ಣ ಏನೂ ಮಾಡಿರಲಿಲ್ಲ. ಮೂಲೆಯ ದಪ್ಪ ಬಣ್ಣವೂ ಏನೂ ಮಾಡಿರಲಿಲ್ಲ.

ಅವಳು ಹಗುರಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಸೀಟಿಗೆ ಒರಗಿ, "ಏನೂ ಮಾಡಿಲ್ಲ" ಎಂದಳು. "ಬಿಸಿನೂ ಮಾಡಿಲ್ಲ. ಅವರನ್ನೂ ಕಾಪಾಡಿಲ್ಲ." ಮೊಬೈಲನ್ನು ಮಡಿಲಲ್ಲಿ ಕವುಚಿಟ್ಟು, "ಕಾರಿಗೆ ಏನೂ ಆಗಿರಲಿಲ್ಲಂದ್ರ ಅವರು ಬಾನೆಟ್ ಯಾಕ ತಗದ್ರೋ?" ಎಂದು ಕೇಳಿ ಅಳತೊಡಗಿದಳು. ವರ್ಷದಿಂದ ಅವಳು ಹಿಡಿದುಕೊಂಡಿದ್ದ ಒಂದೇ ಒಂದು ಉತ್ತರವನ್ನು ನಾನು ಕಿತ್ತುಕೊಂಡಿದ್ದೆ. ಆ ಹೊತ್ತಿನಲ್ಲಿ ನನ್ನ ಅಳತೆಯ ಮೇಲೆ ನನಗೇ ಸಿಟ್ಟು ಬಂತು. ಕಣ್ಣೊರೆಸಿಕೊಂಡು ಅವಳೇ "ಮುಂದ ನಡಿ" ಎಂದಳು.

ಕಾರು ತಂದ ಗೆಳೆಯರು ಗುರುತು ಹೇಳಿದ್ದರಿಂದ ಭಾವ ಬಿದ್ದ ಜಾಗ ನನಗೆ ಗೊತ್ತಿತ್ತು. ರಸ್ತೆಯ ಪಕ್ಕದಲ್ಲಿ ತಾಳೆಗರಿಯ ಒಂದು ಚಪ್ಪರ, ಅದರ ಕೆಳಗೆ ತಾಳೆಯ ಎಳೆಗಾಯಿ ಕೊಯ್ದು ಮುಂಜಲು ಎಂಬ ಒಳತಿರುಳು ಮಾರುವ ವಯಸ್ಸಾದ ಹೆಂಗಸು. ಚಪ್ಪರದ ಗಳಕ್ಕೆ, ಬಿಳಿ ಚುಕ್ಕಿಯಿಟ್ಟ ಕರಿ ಮಡಕೆಯೊಂದನ್ನು ದೃಷ್ಟಿಗೆಂದು ತೂಗುಹಾಕಿದ್ದಳು. ಕಾರನ್ನು ಕಂಡದ್ದೇ ಅವಳು ಕತ್ತಿ ಕೆಳಗಿಟ್ಟು ಎದ್ದು ನಿಂತಳು. ಮನುಷ್ಯರನ್ನು ಮರೆತರೂ ಆ ಕಾರನ್ನು ಅವಳು ಮರೆತಿರಲಿಲ್ಲ. ಅವಳ ತೆಲುಗನ್ನು ಕನ್ನಡದಲ್ಲೇ ಬರೆಯುತ್ತೇನೆ.

"ಆ ಬಾಬು ನಿಮಗೇನಾಗಬೇಕಮ್ಮಾ?"

"ನನ್ನ ಗಂಡ" ಎಂದಳು ಅಕ್ಕ. "ಅವತ್ತು ಕಾರು ಕೆಟ್ಟಿತ್ತಾ?"

"ಕಾರು ಕೆಡೋದೇನು? ಮುಂಜಲು ತಿನ್ನೋಕೆ ನಿಲ್ಲಿಸಿದ್ರು. ತಿಂದ್ರು, ಅಮ್ಮನಿಗೆ ಬೇಕು ಅಂತ ಕಟ್ಟಿಸಿಕೊಂಡ್ರು. ಆಮೇಲೆ ಈ ಮಡಕೆ ನೋಡಿ ನಕ್ಕು, ನೀವು ಇಲ್ಲಿ ಕಟ್ಟಿದ್ದೀರಿ, ನಮ್ಮಾಕೆ ಎಲ್ಲಿ ಇಟ್ಟಿದ್ದಾಳೆ ನೋಡು ಬಾ ಅಂತ ನನ್ನನ್ನ ಕರೆದುಕೊಂಡು ಹೋಗಿ ಮುಂದಿನ ಮುಚ್ಚಳ ಎತ್ತಿ ತೋರಿಸಿದ್ರು. ಇಲ್ಲಿ ಇಟ್ಟರೆ ಯಾರಿಗೆ ಕಾಣುತ್ತೆ ಬಾಬು ಅಂದೆ. ನನಗೆ ಕಂಡರೆ ಸಾಕು ಅಂದ್ರು. ನಗ್ತಾನೇ ಇದ್ರು. ಹಾಗೇ ಎದೆ ಹಿಡಿದು ಕೂತುಬಿಟ್ರು."

"ಇದನ್ನ ಯಾರಿಗೂ ಹೇಳಲಿಲ್ಲವಾ?"

"ಯಾರು ಕೇಳಿದ್ರಮ್ಮಾ? ಬಂದೋರೆಲ್ಲ, ಯಾವ ಗಾಡಿ ಗುದ್ದಿತು ಅಂತಲೇ ಕೇಳಿದ್ರು."

ಅಕ್ಕ ಕಾರಿನ ಹತ್ತಿರ ಹೋಗಿ ಬಾನೆಟ್ ಎತ್ತಿದಳು. ಹೆಂಗಸೂ ಹಿಂದೆಯೇ ಹೋಗಿ ಬಗ್ಗಿ ನೋಡಿ, "ಇದಲ್ಲ. ಅದು ಕಪ್ಪಗಿತ್ತು" ಎಂದಳು. ಬಿಸಿಲಿಗೆ ಇಂಟರ್‌ಕೂಲರ್ ಕಣ್ಣು ಚುಚ್ಚುವಂತೆ ಹೊಳೆಯುತ್ತಿತ್ತು. ಅವರು ಕೊನೆಯದಾಗಿ ಹೆಮ್ಮೆಪಟ್ಟು ತೋರಿಸಿದ್ದನ್ನು ಅಕ್ಕ ತನ್ನ ಕೈಯಾರೆ ಥಿನ್ನರಿನಲ್ಲಿ ತೊಳೆದುಬಿಟ್ಟಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಅವಳು ಕೈಯನ್ನು ಒಳಗೆ ಚಾಚಿ, ಪೈಪು ಸೇರುವ ಮೂಲೆಯನ್ನು ಬೆರಳಿನಿಂದ ತಡವಿದಳು.

"ಇಲ್ಲಿ ಉಳದೈತಿ ನೋಡೋ" ಎಂದಳು.

ದಪ್ಪಗೆ ಹೊಡೆದ ಮೂಲೆ. ಎಷ್ಟು ತಿಕ್ಕಿದ್ದರೂ ಅಲ್ಲೊಂದು ಗಲ್ಲದ ಬೊಟ್ಟಿನಷ್ಟು ಕಪ್ಪು ಉಳಿದಿತ್ತು.

ಅಕ್ಕ ಬಾನೆಟನ್ನು ಮೊಳದಷ್ಟು ಎತ್ತರದವರೆಗೆ ಇಳಿಸಿ, ಕೈಬಿಟ್ಟಳು. ಧಪ್ ಎಂದಿತು. ಆ ಸಂಜೆ ಮನೆಗೆ ಬಂದು ನಡೆದದ್ದನ್ನೆಲ್ಲ ಅತ್ತಯ್ಯನಿಗೆ ಹೇಳಿದಳು, ಮುಂಜಲು ಕಟ್ಟಿಸಿಕೊಂಡದ್ದನ್ನೂ ಹೇಳಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಅಲ್ಲಿಂದ ಮುಂದೆ ಆ ಸದ್ದು ಅಕ್ಕನಿಗೂ ಕೇಳಿಸಲಿಲ್ಲ, ಅತ್ತಯ್ಯನಿಗೂ ಕೇಳಿಸಲಿಲ್ಲವಂತೆ. ಮಳೆಗಾಲಕ್ಕೆ ಅಕ್ಕ ಅತ್ತಯ್ಯನನ್ನು ಕರೆದುಕೊಂಡು ಅದೇ ಕಾರಿನಲ್ಲಿ ಪೆಂದುರ್ತಿಗೆ ಹಿಂದಿರುಗಿದಳು. ಈಗಲೂ ಅದನ್ನೇ ಓಡಿಸುತ್ತಾಳೆ. ಆ ಮೂಲೆಯನ್ನು ಯಾವ ಮೆಕ್ಯಾನಿಕ್‌ಗೂ ಒರೆಸಲು ಬಿಡುವುದಿಲ್ಲ.

ಮೊನ್ನೆ ನಾನು ಆ ಮನೆಯ ಗೇಟಿನ ಮುಂದೆ ನಿಂತಾಗ ಮಧ್ಯಾಹ್ನದ ಬಿಸಿಲಿಗೆ ಓಣಿ ಖಾಲಿಯಾಗಿತ್ತು. ಬೇವಿನ ಮರ ಹಾಗೇ ಇತ್ತು. ಅದರ ಕೆಳಗೆ ಕಾರಿರಲಿ, ಒಂದು ಸೈಕಲ್ಲೂ ಇರಲಿಲ್ಲ. ತಿರುವಿನಿಂದ ಕಪ್ಪು ಬಣ್ಣದ ವಾಸನೆ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಇನ್ನು ಹೊರಡೋಣವೆಂದು ಬೆನ್ನು ತಿರುಗಿಸಿದೆ. ಆ ಬೇಸಿಗೆಯುದ್ದಕ್ಕೂ ಈ ಮನೆಯಲ್ಲಿ ನನಗೆ ಒಮ್ಮೆಯೂ ಕೇಳಿಸದಿದ್ದ ಸದ್ದು, ನನ್ನ ಹಿಂದೆ, ಖಾಲಿ ಕಾಂಪೌಂಡಿನೊಳಗಿನಿಂದ, ಸ್ಪಷ್ಟವಾಗಿ ಕೇಳಿಸಿತು. ಧಪ್.